ಗಣಕಯಂತ್ರದಲ್ಲಿ ಕಾಣೆಯಾದ ಜಾಗ

500 ಗಿಗಾಬೈಟಿನ ಹಾರ್ಡ್ ಡಿಸ್ಕ್ ಇದೆಯೆಂದು ನಂಬಿ ನಾವು ಗಣಕಯಂತ್ರವೊಂದನ್ನು ಮನೆಗೆ ತರುತ್ತೇವೆ. ತೆರೆದು ನೋಡಿದರೆ ವಿಂಡೋಸ್ ತೋರಿಸುವುದು ಸುಮಾರು 465 ಮಾತ್ರ. ಉಳಿದ 35 ಎಲ್ಲಿ ಹೋಯಿತು? ಅಂಗಡಿಯವನು ಮೋಸಮಾಡಿದನೆ?

ಇಲ್ಲ, ಇದು ಕೇವಲ ಅಳತೆಯ ಭೇದ. ಹಿಂದೆ ಒಂದೇ ರಾಗಿಯ ರಾಶಿಗೆ ಪಕ್ಕಾ ಸೇರಿನಲ್ಲಿ ಒಂದು ಲೆಕ್ಕ, ಕಚ್ಚಾ ಸೇರಿನಲ್ಲಿ ಇನ್ನೊಂದು ಲೆಕ್ಕ ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಡಿಸ್ಕ್ ತಯಾರಿಸುವವರಿಗೆ ಗಿಗಾಬೈಟೆಂದರೆ 100 ಕೋಟಿ ಬೈಟು. ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಅದರ ಗಿಗಾಬೈಟಿನಲ್ಲಿ 107 ಕೋಟಿಗೂ ಹೆಚ್ಚು ಬೈಟುಗಳಿವೆ. ಈ ದೊಡ್ಡ ಅಳತೆಗೆ ಅಂತಾರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು 1998ರಲ್ಲಿ 'ಗಿಬಿಬೈಟ್' ಎಂಬ ಬೇರೆ ಹೆಸರನ್ನೇ ಕೊಟ್ಟಿತು. ವಿಂಡೋಸ್ ಹಳೆಯ ಹೆಸರನ್ನು ಬಿಡಲಿಲ್ಲ. ಆದ್ದರಿಂದ ಈ 35 ಕಳೆದುಹೋದದ್ದಲ್ಲ, ಹುಡುಕಬೇಕಾದದ್ದೂ ಅಲ್ಲ.

ದಿನಕಳೆದಂತೆ ಸವೆಯುವ ಜಾಗದ ಕಥೆ ಬೇರೆ. ಅದರಲ್ಲಿ ಒಂದು ಪಾಲನ್ನು ಯಂತ್ರವೇ ತನ್ನ ಕೆಲಸಕ್ಕೆ ಕಾದಿರಿಸಿಕೊಳ್ಳುತ್ತದೆ. ನಿದ್ರೆಗೆ ಹೋಗುವಾಗ ನೆನಪನ್ನು ಬರೆದಿಡುವ ಕಡತ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಗುರುತುಗಳು, 'ರಿಕವರಿ' ಎಂಬ ವಿಭಾಗ—ಇವೆಲ್ಲ ಆ ಬಗೆಯವು. ಬಿತ್ತನೆಯ ಬೀಜವನ್ನು ಅಡಿಗೆಗೆ ಬಳಸಬಾರದು. ಹಾಗೆಯೇ ತಿಳಿಯದೆ ಇವನ್ನು ಮುಟ್ಟಬಾರದು.

ಇನ್ನೊಂದು ಪಾಲು ನಾವು ಮರೆತದ್ದು. ಅಳಿಸಿದೆವೆಂದುಕೊಂಡ ಕಡತಗಳು 'ರಿಸೈಕಲ್ ಬಿನ್' ಎಂಬ ಬುಟ್ಟಿಯಲ್ಲಿ ಹಾಗೆಯೇ ಕುಳಿತಿರುತ್ತವೆ. ಬುಟ್ಟಿ ಬರಿದಾಗುವವರೆಗೆ ಜಾಗ ಬಿಡುವಾಗದು. ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಳೆಯದೂ ಕೆಲವು ದಿನ ಒಳಗೇ ಉಳಿದಿರುತ್ತದೆ. 'ಸೆಟ್ಟಿಂಗ್ಸ್', ಅದರೊಳಗೆ 'ಸಿಸ್ಟಮ್', ಅಲ್ಲಿಂದ 'ಸ್ಟೋರೇಜ್'—ಇಲ್ಲಿಗೆ ಹೋದರೆ ಯಾವುದು ಎಷ್ಟು ಜಾಗ ಹಿಡಿದಿದೆಯೆಂಬ ಪಟ್ಟಿ ಸಿಗುತ್ತದೆ. ಅದರಲ್ಲಿ 'ಟೆಂಪೊರರಿ ಫೈಲ್ಸ್' ಎಂಬುದನ್ನು ತೆರೆದು, ಬೇಡವಾದುವನ್ನು ಗುರುತಿಸಿ ತೆಗೆಯಬಹುದು.

ಇಲ್ಲಿಯೇ ಎಚ್ಚರಿಕೆ ಬೇಕು. ತಾತ್ಕಾಲಿಕವೆಂಬ ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಹೆಸರೂ ಬರುವುದುಂಟು. ಒಮ್ಮೆ ನಾನು ಅವಸರದಲ್ಲಿ ಎಲ್ಲಕ್ಕೂ ಗುರುತು ಹಾಕಿ, ಇನ್ನೇನು ಅಳಿಸುವ ಗುಂಡಿ ಒತ್ತುವುದರಲ್ಲಿದ್ದೆ. ಪಕ್ಕದಲ್ಲಿದ್ದ ಮಗಳು, "ಅಪ್ಪಾ, ತಡೀರಿ! ತಾತನ ಗಮಕ ಅದರಲ್ಲೇ ಇದೆ," ಎಂದು ಕೈಹಿಡಿದಳು. ನೆಂಟರೊಬ್ಬರು ಕಳುಹಿಸಿದ ನನ್ನ ತಂದೆಯವರ ದನಿಯ ಮುದ್ರಣ ಅದು. ಬೇರೆ ಪ್ರತಿ ನಮ್ಮಲ್ಲಿರಲಿಲ್ಲ. ಎರಡು ಗಿಗಾಬೈಟಿನ ಆಸೆಗೆ ಎಂದಿಗೂ ಮರಳಿ ಬಾರದ ದನಿಯನ್ನು ಕಳೆದುಕೊಳ್ಳುತ್ತಿದ್ದೆ. ಅಂದೇ ಅದನ್ನು ಹೊರಗಿನ ಡಿಸ್ಕಿಗೂ ನಕಲು ಮಾಡಿಟ್ಟೆವು.

ಇಷ್ಟಾದರೂ ಲೆಕ್ಕ ಕೂಡದಿದ್ದರೆ 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬುದನ್ನು ತೆರೆದು ನೋಡಬೇಕು. ಯಾವ ವಿಭಾಗಕ್ಕೂ ಸೇರದ ಜಾಗ ಅಲ್ಲಿ 'ಅನ್‌ಅಲೊಕೇಟೆಡ್' ಎಂದು ಕಾಣುತ್ತದೆ. ಅದು 'ಸಿ' ವಿಭಾಗದ ಬಲಕ್ಕೆ ಅಂಟಿಕೊಂಡೇ ಇದ್ದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಎಂಬ ಆಜ್ಞೆಯಿಂದ ಕೂಡಿಸಿಕೊಳ್ಳಬಹುದು. ನಡುವೆ ಬೇರೆ ವಿಭಾಗ ಅಡ್ಡವಿದ್ದರೆ ಬಲ್ಲವರನ್ನು ಕೇಳುವುದೇ ಲೇಸು.

ಒಟ್ಟಿನಲ್ಲಿ ಮೊದಲು ಅಳೆಯಬೇಕು, ಆಮೇಲೆ ವಿಂಗಡಿಸಬೇಕು, ಬೇಕಾದುದಕ್ಕೆ ಪ್ರತಿ ಮಾಡಿಡಬೇಕು, ಅಳಿಸುವುದು ಕೊನೆಗೆ. ಜಾಗವನ್ನು ಹಣಕೊಟ್ಟು ಮತ್ತೆ ತರಬಹುದು, ಅದರಲ್ಲಿದ್ದುದನ್ನು ತರಲಾಗದು.