ಪಂಢರಪುರದ ಕಾಲ್ನಡಿಗೆಗೆ ಹಗುರವಾದ ಪಾದರಕ್ಷೆ

ಆಷಾಢ ಏಕಾದಶಿಯ ವಾರಿಗೆ ಹೊರಡುವವರಲ್ಲಿ ಮುಂಬಯಿ, ಪುಣೆಗಳ ಕನ್ನಡಿಗರೂ ಇದ್ದಾರೆ. ಹರಿದಾಸರ ಆರಾಧ್ಯದೈವವಾದ ವಿಠಲನ ಸನ್ನಿಧಿ ನಮಗೇನೂ ಪರಸ್ಥಳವಲ್ಲ. ಆಳಂದಿಯಿಂದ ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿಯೊಂದಿಗೆ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರು. ಮೂರು ವಾರಗಳಿಗೆ ಸಮೀಪದ ನಡಿಗೆ. ಹಾಸಿಗೆ, ಔಷಧಿಗಳನ್ನು ತಿಂಗಳ ಮೊದಲೇ ಹೊಂದಿಸಿಡುವವರು ಕೂಡ ಪಾದರಕ್ಷೆಯನ್ನು ಮಾತ್ರ ಹಿಂದಿನ ದಿನ ಕೊಳ್ಳುವುದುಂಟು.

ಮೊದಲು ತೂಕದ ವಿಚಾರ. ಬ್ಯಾಂಕಿನವನ ಅಭ್ಯಾಸಬಲದಿಂದ ಒಂದು ಲೆಕ್ಕ ಹಾಕುತ್ತೇನೆ. ಹೆಜ್ಜೆಗೆ 70 ಸೆಂಟಿಮೀಟರಿನಂತೆ 20 ಕಿಲೋಮೀಟರಿಗೆ 28 ಸಾವಿರಕ್ಕೂ ಮಿಕ್ಕಿದ ಹೆಜ್ಜೆಗಳು. ಒಂದೊಂದು ಕಾಲಿಗೆ 14 ಸಾವಿರ. ಪ್ರತಿ ಪಾದರಕ್ಷೆಯ ತೂಕ 100 ಗ್ರಾಂ ಹೆಚ್ಚಾದರೆ ಒಂದೊಂದು ಕಾಲೂ ದಿನಕ್ಕೆ 1,400 ಕಿಲೋ ಹೆಚ್ಚುವರಿಯಾಗಿ ಎತ್ತಿದಂತಾಯಿತು. ಬೆನ್ನ ಮೇಲಿನ ಭಾರಕ್ಕಿಂತ ಕಾಲಿಗೆ ಕಟ್ಟಿದ ಅಷ್ಟೇ ಭಾರವು ಹಲವು ಪಟ್ಟು ಆಯಾಸ ತರುತ್ತದೆ. ಪುಣೆಯಿಂದ ಸಾಸವಡದ ದಾರಿಯಲ್ಲಿ ದಿವೆ ಘಾಟ್ ಏರುವಾಗ ಇದರ ಅರಿವಾಗದಿರದು.

ವಾರಿ ನಡೆಯುವುದು ಮಳೆಗಾಲದಲ್ಲಿ. ಆದುದರಿಂದ ನೀರು ಒಳಬಾರದ ಬೂಟು ಉತ್ತಮವೆಂದು ತೋರುವುದು ಸಹಜ. ಆದರೆ ಮೇಲಿನಿಂದ ಒಮ್ಮೆ ಒಳಸೇರಿದ ನೀರು ಅದರಿಂದ ಹೊರಹೋಗುವುದೂ ಕಷ್ಟ. ನೆನೆದು ಮೆತ್ತಗಾದ ಚರ್ಮದಲ್ಲಿ ಬೊಬ್ಬೆಗಳು ಬೇಗ ಏಳುತ್ತವೆ. ಜಾಲರಿ ಬಟ್ಟೆಯ ಹಗುರ ಬೂಟು ಅಥವಾ ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಬೇಗನೆ ಒಣಗುವುದರಿಂದ ಅವೇ ಮೇಲು. ಹವಾಯಿ ಚಪ್ಪಲಿ ಇನ್ನೂ ಹಗುರ, ನಿಜ. ಆದರೆ ಅದು ಜಾರದಂತೆ ಹೆಜ್ಜೆಹೆಜ್ಜೆಗೂ ಬೆರಳುಗಳಿಂದ ಬಿಗಿಹಿಡಿಯಬೇಕಾಗುತ್ತದೆ. ಅದು ರಾತ್ರಿಯ ಬಿಡಾರಕ್ಕೆ ಇರಲಿ. 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡಕ್ಕೂ ಸೇರಿ ಭೌಗೋಳಿಕ ಗುರುತು ದೊರೆತ ಕೊಲ್ಹಾಪುರಿ ಚಪ್ಪಲಿಯ ಮೇಲೆ ನನಗೂ ಅಭಿಮಾನವಿದೆ. ಆದರೂ ತೊಗಲು ನೀರು ಹೀರಿ ಭಾರವಾಗುವುದರಿಂದ ಈ ಯಾತ್ರೆಗೆ ಅದು ಸಲ್ಲದು.

ನಡೆದಂತೆ ಪಾದಗಳು ಊದಿಕೊಳ್ಳುತ್ತವೆ. ಆದುದರಿಂದ ಸಂಜೆಯ ಹೊತ್ತಿನಲ್ಲಿ, ಯಾತ್ರೆಯಲ್ಲಿ ತೊಡುವ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಹಿಮ್ಮಡಿ ಮಾತ್ರ ಅಲುಗಾಡಬಾರದು. ಹತ್ತಿಯ ಕಾಲುಚೀಲ ಒದ್ದೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಗ ಒಣಗುವ ತೆಳುವಾದ ಕೃತಕ ನೂಲಿನದು ಲೇಸು. ಕೊಂಡ ಮೇಲೆ ಎರಡು ಮೂರು ವಾರ ಅದರಲ್ಲೇ ನಡೆದು ರೂಢಿ ಮಾಡಿಕೊಳ್ಳಬೇಕು.

ಬರಿಗಾಲಿನ ಹರಕೆ ಹೊತ್ತವರ ಶ್ರದ್ಧೆಯನ್ನು ಗೌರವಿಸುತ್ತೇನೆ. ಆದರೆ ನಮ್ಮ ವಯಸ್ಸಿನವರಲ್ಲಿ ಮಧುಮೇಹಿಗಳ ಸಂಖ್ಯೆ ಸಣ್ಣದಲ್ಲ. ನರಗಳ ಸಂವೇದನೆ ಕುಗ್ಗಿದ ಪಾದಕ್ಕೆ ಕಲ್ಲು ಚುಚ್ಚಿದರೂ, ಡಾಂಬರು ಸುಟ್ಟರೂ ತಿಳಿಯದು. ಕೀವುಗಟ್ಟಿದ ಗಾಯ ಕಾಲನ್ನೇ ಕಳೆಯುವ ಸ್ಥಿತಿಗೂ ಒಯ್ಯಬಹುದು. ಅಂಥವರು ವೈದ್ಯರಿಗೆ ಪಾದ ತೋರಿಸದೆ ಹೊರಡಬಾರದು, ಬರಿಗಾಲಿನಲ್ಲಂತೂ ನಡೆಯಲೇಬಾರದು. ಪ್ರತಿರಾತ್ರಿ ಪಾದ ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಕನ್ನಡಿ ಹಿಡಿದಾದರೂ ಅಂಗಾಲನ್ನು ಪರೀಕ್ಷಿಸಬೇಕು. ದೃಷ್ಟಿ ಮಂದವಾಗಿದ್ದರೆ ಜೊತೆಯವರು ನೋಡಲಿ. ವಾರಿಯಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ಮುಟ್ಟಲು ಯಾರೂ ಸಂಕೋಚಪಡುವುದಿಲ್ಲ.