ಎರಡು ಕೀಲಿಕೈಗಳ ಕೀಲಿ

ಮನೆಯ ತಿಜೋರಿಗೆ ಕೀಲಿ ಹಾಕುವುದು ನಮಗೆಲ್ಲ ಗೊತ್ತು. ಆದರೆ ಇಂದು ನಮ್ಮ ಹಣವೂ ಹೊಲದ ದಾಖಲೆಯೂ ಗಣಕಯಂತ್ರದಲ್ಲಿ ಅಂಕಿಗಳಾಗಿ ಇರುತ್ತವೆ. ಅಂಕಿಗಳನ್ನು ಯಾರು ಬೇಕಾದರೂ ನಕಲು ಮಾಡಬಹುದಲ್ಲವೆ? ಹಾಗಾದರೆ ಅವುಗಳಿಗೆ ರಕ್ಷಣೆ ಯಾವುದು? ಆ ರಕ್ಷಣೆಯನ್ನು ಒದಗಿಸುವುದು ಗೂಢಲಿಪಿ ಶಾಸ್ತ್ರ. ಅದರ ತತ್ತ್ವವನ್ನು ತಿಳಿದುಕೊಳ್ಳೋಣ.

ಹಿಂದೆ ಗೂಢಲಿಪಿಯಲ್ಲಿ ಬರೆಯುವವನಿಗೂ ಓದುವವನಿಗೂ ಒಂದೇ ಗುಟ್ಟು ತಿಳಿದಿರಬೇಕಾಗಿತ್ತು. ಆ ಗುಟ್ಟನ್ನು ದೂರದವನಿಗೆ ಮುಟ್ಟಿಸುವುದೇ ದೊಡ್ಡ ತೊಡಕು. 1976ರಲ್ಲಿ ಅಮೇರಿಕೆಯ ಡಿಫಿ ಮತ್ತು ಹೆಲ್‌ಮನ್ ಎಂಬ ವಿಜ್ಞಾನಿಗಳು ಎರಡು ಕೀಲಿಕೈಗಳ ವಿಚಾರವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೊಂದು ಗಣಿತದ ರೀತಿಯನ್ನು ಕಂಡುಹಿಡಿದರು. ಒಂದು ಕೀಲಿಕೈ ಗುಪ್ತ, ಇನ್ನೊಂದು ಬಹಿರಂಗ. ಗುಪ್ತ ಕೀಲಿಕೈಯಿಂದ ಮಾಡಿದ ರುಜುವನ್ನು ಬಹಿರಂಗ ಕೀಲಿಕೈಯಿಂದ ಯಾರಾದರೂ ಪರೀಕ್ಷಿಸಬಹುದು. ಆದರೆ ಅಂಥ ರುಜುವನ್ನು ಮಾಡಲಾರರು.

ಇದು ಹೇಗೆ ಸಾಧ್ಯ? 53ನ್ನು 61ರಿಂದ ಗುಣಿಸಿರಿ. 3233 ಎಂದು ಕ್ಷಣದಲ್ಲಿ ಉತ್ತರ ಬರುತ್ತದೆ. ಆದರೆ 3233 ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಮಿತ್ರನನ್ನು ಕೇಳಿರಿ. ಅವನು ಬಹಳ ಹೊತ್ತು ಹೆಣಗಬೇಕಾಗುತ್ತದೆ. ಈ ಮೂವರ ರೀತಿಯಲ್ಲಿ ಇಂದು ಬಳಸುವ ಸಂಖ್ಯೆಗಳು ಸಾಮಾನ್ಯವಾಗಿ 617 ಅಂಕಿಗಳಷ್ಟು ಉದ್ದ. ಅವನ್ನು ಒಡೆಯುವುದು ಇಂದಿನ ಯಂತ್ರಗಳಿಗೂ ಸಾಧ್ಯವಾಗಿಲ್ಲ.

ನಮ್ಮ ಅಕ್ಕಲಕೋಟೆಯ ರೈತನಿಗೆ ಬೇಕಾಗುವ ಸಾತ್‌ಬಾರಾ ಉತಾರಿಯೇ ಇದಕ್ಕೆ ಉದಾಹರಣೆ. ಅದು ಈಗ ಡಿಜಿಟಲ್ ರುಜುವಿನೊಂದಿಗೆ ದೊರೆಯುತ್ತದೆ. ಯಂತ್ರವು ಮೊದಲು ಉತಾರಿಯ ಮಜಕೂರಿನಿಂದ ಒಂದು ಅಂಕಿಮಾಲೆಯನ್ನು ತೆಗೆಯುತ್ತದೆ. ಇದು ಮಜಕೂರಿನ ಬೆರಳಚ್ಚಿದ್ದಂತೆ. ರುಜು ಬೀಳುವುದು ಇದರ ಮೇಲೆ. ಆಮೇಲೆ ಯಾರಾದರೂ ಒಂದು ಗುಂಟೆ ಹೆಚ್ಚಿಸಿ ಬರೆದರೂ ಅಂಕಿಮಾಲೆ ಬದಲಾಗಿ ಮೋಸ ಬಯಲಾಗುತ್ತದೆ. ಸೊಲ್ಲಾಪುರಿ ಚಾದರದ ಚೀಟಿಯನ್ನು ಕಿತ್ತು ಬೇರೆ ಊರಿನ ಚಾದರಕ್ಕೆ ಹಚ್ಚಬಹುದು. ಈ ರುಜುವನ್ನು ಹಾಗೆ ಹಚ್ಚಲು ಬರುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯದೆಯು ಇಂಥ ರುಜುವಿಗೆ ಮಾನ್ಯತೆ ನೀಡಿದೆ.

2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಕೂಡ ಇದೇ ತತ್ತ್ವದ ಮೇಲೆ ನಿಂತಿದೆ. ಪ್ರತಿ ವರ್ಗಾವಣೆಗೂ ರುಜು ಬೇಕು. ಲೆಕ್ಕದ ವಹಿಯ ಪ್ರತಿ ಪುಟದಲ್ಲಿ ಹಿಂದಿನ ಪುಟದ ಬೆರಳಚ್ಚು ಇರುತ್ತದೆ. ವಹಿಯ ಪ್ರತಿಗಳು ಜಗತ್ತಿನ ಸಾವಿರಾರು ಯಂತ್ರಗಳಲ್ಲಿವೆ. ಆದ್ದರಿಂದ ಹಳೆಯ ಲೆಕ್ಕವನ್ನು ತಿದ್ದುವುದು ಅತಿ ಕಠಿಣ. ಆದರೆ ಅದು ಭಾರತದಲ್ಲಿ ಕಾನೂನುಬದ್ಧ ನಾಣ್ಯವಲ್ಲ. ಗುಪ್ತ ಕೀಲಿಕೈ ಕಳೆದರೆ ದೂರು ಕೊಡಲು ಬ್ಯಾಂಕೂ ಇಲ್ಲ. ನಮ್ಮ ರಿಜರ್ವ್ ಬ್ಯಾಂಕು ತಾನೇ ಹೊಣೆಹೊತ್ತು 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗಾಗಿ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಆರಂಭಿಸಿತು.

ಇಷ್ಟು ಭದ್ರವಾದ ಕೀಲಿ ಇದ್ದರೂ ಜನರು ಹಣ ಕಳೆದುಕೊಳ್ಳುವುದೇಕೆ? ಕಳ್ಳನು ಕೀಲಿಯನ್ನು ಒಡೆಯುವುದಿಲ್ಲ. ಸವಿಮಾತಿನಿಂದಲೋ ಬೆದರಿಕೆಯಿಂದಲೋ ಕೀಲಿಕೈಯನ್ನೇ ಕೇಳಿ ಪಡೆಯುತ್ತಾನೆ. ಮೊಬೈಲಿನ ಪಿನ್ ಮತ್ತು ಓಟಿಪಿ ಇಂಥ ಗುಟ್ಟುಗಳೇ. ನಮ್ಮ ಖಾತೆಗೆ ಹಣ ಬರಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ವಿದ್ಯಾರ್ಥಿ ಮಿತ್ರರು ಇದೊಂದು ಮಾತನ್ನು ಇಂದೇ ಮನೆಯ ಹಿರಿಯರಿಗೆ ತಿಳಿಸಿ ಹೇಳಬೇಕು. ಗಣಿತವು ತನ್ನ ಕೆಲಸವನ್ನು ಮಾಡಿದೆ. ಉಳಿದ ಎಚ್ಚರಿಕೆ ನಮ್ಮದು.