ಎರಡು ಟರ್ಬೊ, ನಾಲ್ಕು ಮಾರು ಕೊಳವೆ: ಬೂಸ್ಟ್ ಕಂಟ್ರೋಲರ್ ವ್ಯವಹಾರದ ಒಳನೋಟ

1989ರಲ್ಲಿ ಜಪಾನಿನ ನಿಸ್ಸಾನ್ ಸಂಸ್ಥೆಯು ಅವಳಿ ಟರ್ಬೊ ಅಳವಡಿಸಿದ ಎರಡು ಕಾರುಗಳನ್ನು ಮಾರುಕಟ್ಟೆಗೆ ತಂದಿತು. ಒಂದು 300ಝಡ್‌ಎಕ್ಸ್, ಇನ್ನೊಂದು ಆರ್32 ಸ್ಕೈಲೈನ್ ಜಿಟಿ-ಆರ್. ಎರಡರ ಶಕ್ತಿಯನ್ನೂ 280 ಅಶ್ವಶಕ್ತಿಯೆಂದೇ ಘೋಷಿಸಲಾಗಿತ್ತು. ಇದು ಕಾಕತಾಳೀಯವಲ್ಲ. ಸ್ವದೇಶದಲ್ಲಿ ಮಾರುವ ಕಾರುಗಳ ಘೋಷಿತ ಶಕ್ತಿ ಈ ಮಿತಿಯನ್ನು ಮೀರಬಾರದೆಂದು ಅಲ್ಲಿನ ತಯಾರಕರು ತಮ್ಮೊಳಗೆ ಒಪ್ಪಿಕೊಂಡಿದ್ದರು; ಆ ಒಪ್ಪಂದ 2004ರವರೆಗೂ ನಡೆಯಿತು. ಎಂಜಿನ್ನಿಗೆ ಇದಕ್ಕಿಂತ ಹೆಚ್ಚಿನ ಸಾಮರ್ಥ್ಯವಿದೆ, ಕಾರ್ಖಾನೆಯೇ ಅದನ್ನು ತಡೆಹಿಡಿದಿದೆ ಎಂಬುದು ಗ್ರಾಹಕನಿಗೂ ತಿಳಿದಿತ್ತು. ದೊಡ್ಡ ತಯಾರಕರು ಬಿಟ್ಟುಕೊಟ್ಟ ಈ ಅಂತರವೇ ಸಣ್ಣ ಉದ್ದಿಮೆಗಳಿಗೆ ಮಾರುಕಟ್ಟೆಯಾಯಿತು.

ಅಂತಹ ಉದ್ದಿಮೆಗಳಲ್ಲಿ ಎಚ್‌ಕೆಎಸ್ ಹೆಸರು ಮುಂಚೂಣಿಯದು. ಯಮಾಹಾದಲ್ಲಿ ಎಂಜಿನಿಯರ್ ಆಗಿದ್ದ ಹಿರೋಯುಕಿ ಹಸೆಗಾವಾ 1973ರಲ್ಲಿ ಫ್ಯೂಜಿ ಪರ್ವತದ ತಪ್ಪಲಿನಲ್ಲಿ ಇದನ್ನು ಆರಂಭಿಸಿದರು. ಮುಂದೆ ಬ್ಲಿಟ್ಜ್, ಗ್ರೆಡ್ಡಿ, ಅಪೆಕ್ಸಿ ಮೊದಲಾದ ಹೆಸರುಗಳು ಸ್ಪರ್ಧೆಗಿಳಿದವು. ಇವೆಲ್ಲವೂ ತಯಾರಿಸಿದ ಸರಕುಗಳ ಪೈಕಿ ಗಾತ್ರದಲ್ಲಿ ಅಲ್ಪವಾದರೂ ಬೇಡಿಕೆಯಲ್ಲಿ ಹಿರಿದಾದುದು ಬೂಸ್ಟ್ ಕಂಟ್ರೋಲರ್: ಅಂಗೈಯಗಲದ ಪೆಟ್ಟಿಗೆ, ಒಂದು ಸೊಲೆನಾಯ್ಡ್ ಕವಾಟ, ಕೆಲವು ತಂತಿಗಳು, ಅಷ್ಟಿಷ್ಟು ರಬ್ಬರ್ ಕೊಳವೆ.

ಇದರ ತತ್ತ್ವ ಸರಳ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದ ಟರ್ಬೊದ ಚಕ್ರ ತಿರುಗಿ, ಒಳಹೋಗುವ ಗಾಳಿಯನ್ನು ಒತ್ತಿ ತುಂಬುತ್ತದೆ. ಈ ಒತ್ತಡವೇ ಬೂಸ್ಟ್. ಅದು ಅತಿಯಾಗದಂತೆ ಕಾಯುವುದು ವೇಸ್ಟ್‌ಗೇಟ್ ಎಂಬ ಬಾಗಿಲು. ಟರ್ಬೊ ಒತ್ತಿದ ಗಾಳಿಯಲ್ಲಿ ಸ್ವಲ್ಪ ಭಾಗವು ಸಣ್ಣ ಕೊಳವೆಯ ಮೂಲಕ ಆಕ್ಚುಯೇಟರಿನ ಪೊರೆಯನ್ನು ತಲುಪುತ್ತದೆ. ಅದರ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಬಾಗಿಲು ತೆರೆದು, ಹೊಗೆ ಚಕ್ರವನ್ನು ಬಳಸಿಕೊಂಡು ಹೊರಹೋಗುತ್ತದೆ. ಕಂಟ್ರೋಲರ್ ಮಾಡುವುದಿಷ್ಟೆ: ಆಕ್ಚುಯೇಟರಿಗೆ ಹೋಗುವ ಗಾಳಿಯಲ್ಲಿ ಒಂದು ಪಾಲನ್ನು ಸೋರಿಸಿ, ಒತ್ತಡ ಇನ್ನೂ ಕಡಿಮೆಯಿದೆಯೆಂದು ಅದನ್ನು ನಂಬಿಸುತ್ತದೆ. ಬಾಗಿಲು ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ.

ತೊಡಕಿರುವುದು ಜೋಡಣೆಯಲ್ಲಿ. ಜಿಟಿ-ಆರ್‌ನಲ್ಲಿ ಆರು ಸಿಲಿಂಡರುಗಳ ಪೈಕಿ ಮೂರಕ್ಕೊಂದರಂತೆ ಎರಡು ಟರ್ಬೊಗಳು ಏಕಕಾಲಕ್ಕೆ ದುಡಿಯುತ್ತವೆ. ಆಕ್ಚುಯೇಟರುಗಳೂ ಎರಡು. ಆದರೆ ಕಂಟ್ರೋಲರಿನ ಸೊಲೆನಾಯ್ಡ್ ಸಾಮಾನ್ಯವಾಗಿ ಒಂದೇ. ಅದರಿಂದ ಹೊರಟ ಕೊಳವೆಯನ್ನು ಟಿ ಆಕಾರದ ಕೂಡಿಕೆಯಿಂದ ಕವಲೊಡೆಸಿ, ಎರಡೂ ಕವಲುಗಳನ್ನು ಸಮಾನ ಉದ್ದದಲ್ಲಿ, ಒಂದೇ ಒಳವ್ಯಾಸದಲ್ಲಿ ಆಕ್ಚುಯೇಟರುಗಳಿಗೆ ಒಯ್ಯಬೇಕು. ಒಂದು ಕವಲು ಮಡಿಚಿಕೊಂಡರೆ ಅಥವಾ ಬಿರುಕುಬಿಟ್ಟರೆ ಆ ಬದಿಯ ಬಾಗಿಲು ತಡವಾಗಿ ತೆರೆಯುತ್ತದೆ. ಒಂದು ಟರ್ಬೊ ಮಿತಿಮೀರಿ ದುಡಿಯುವಾಗ ಇನ್ನೊಂದು ಹಗುರಾಗಿ ತಿರುಗುತ್ತಿರುತ್ತದೆ. ಎರಡರ ಗಾಳಿಯೂ ಮುಂದೆ ಒಂದೇ ಕೊಳವೆಯಲ್ಲಿ ಕೂಡುವುದರಿಂದ ಮೀಟರಿನ ಮುಳ್ಳು ಈ ಅಸಮತೆಯನ್ನು ತೋರಿಸುವುದೇ ಇಲ್ಲ.

ಸೊಲೆನಾಯ್ಡಿಗೆ ಬರುವ ಗಾಳಿಯನ್ನು ಟರ್ಬೊದ ಹೊರದಾರಿಯಿಂದ, ಅಂದರೆ ಥ್ರಾಟಲ್‌ಗಿಂತ ಮೊದಲೇ, ಪಡೆಯಬೇಕು. ಪೆಟ್ಟಿಗೆಯೊಳಗಿನ ಒತ್ತಡಮಾಪಕದ ಕೊಳವೆ ಮಾತ್ರ ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡಿಗೆ ಹೋಗಬೇಕು. ಇವೆರಡನ್ನು ಅದಲುಬದಲು ಮಾಡುವ ಮೆಕ್ಯಾನಿಕ್‌ಗಳಿಗೆ ಎಲ್ಲ ದೇಶಗಳಲ್ಲಿಯೂ ಕೊರತೆಯಿಲ್ಲ. ಕಾರಿನೊಂದಿಗೆ ಬಂದ ಮೂಲ ಸೊಲೆನಾಯ್ಡನ್ನು ಕೊಳವೆಯ ಜಾಲದಿಂದ ಬೇರ್ಪಡಿಸಿ, ಉಳಿದ ತುದಿಗಳನ್ನು ಭದ್ರವಾಗಿ ಮುಚ್ಚುವುದೂ ಅವಶ್ಯ. ಇಲ್ಲವಾದರೆ ಎರಡು ಕಡೆ ಗಾಳಿ ಸೋರಿ, ಬೂಸ್ಟ್ ಗೊತ್ತುಪಡಿಸಿದ ಅಂಕವನ್ನು ದಾಟುತ್ತದೆ. ಜಿಟಿ-ಆರ್‌ನ ಮೂಲ ಕೊಳವೆಯೊಳಗೆ ಸೋರಿಕೆಗೆ ಮಿತಿ ಹಾಕಲು ಕಿರುರಂಧ್ರದ ಲೋಹದ ತುಂಡೊಂದನ್ನು ನಿಸ್ಸಾನ್ ಅಡಗಿಸಿತ್ತು. ಕಂಟ್ರೋಲರಿಗೆ ಹಣ ತೆರಲೊಲ್ಲದ ಅನೇಕ ಮಾಲೀಕರು ಅದನ್ನೊಂದು ಕಿತ್ತೆಸೆದೇ ಬೂಸ್ಟ್ ಏರಿಸಿಕೊಂಡರೆಂಬುದು ಈ ವ್ಯಾಪಾರದ ಒಂದು ತಮಾಷೆಯ ಅಧ್ಯಾಯ.

1991ರ ಮಾಜ್ದಾ ಆರ್‌ಎಕ್ಸ್-7 ಮತ್ತು 1993ರ ಟೊಯೋಟಾ ಸುಪ್ರಾಗಳ ಮಾತು ಬೇರೆ. ಅಲ್ಲಿ ಕಡಿಮೆ ವೇಗದಲ್ಲಿ ಒಂದೇ ಟರ್ಬೊ ದುಡಿದು, ಎಂಜಿನ್ ವೇಗ ಏರಿದ ಮೇಲೆ ಎರಡನೆಯದು ಸೇರಿಕೊಳ್ಳುತ್ತದೆ. ಜಿಟಿ-ಆರ್‌ನ ನಕ್ಷೆಯನ್ನು ಇವುಗಳಿಗೆ ಹೊಂದಿಸಲಾಗದು.

ಸೊಲೆನಾಯ್ಡಿನ ವಿದ್ಯುತ್ ಕಡಿದುಹೋದರೆ ಗಾಳಿ ಪೂರ್ಣವಾಗಿ ಆಕ್ಚುಯೇಟರನ್ನು ತಲುಪುವಂತೆ ಜೋಡಣೆ ಇರಬೇಕು. ಆಗ ಬೂಸ್ಟ್ ಸ್ಪ್ರಿಂಗಿನ ಮಟ್ಟಕ್ಕೆ ತಾನಾಗಿ ಇಳಿಯುತ್ತದೆ. ಬಾಯಿಗಳು ತಿರುವುಮುರುವಾದರೆ ಫಲ ಇದಕ್ಕೆ ವಿರುದ್ಧ. ಕಂಟ್ರೋಲರನ್ನು ಬಂದ್ ಮಾಡಿದಾಗಲೇ ವೇಸ್ಟ್‌ಗೇಟ್ ತೆರೆಯದೆ ಉಳಿದು, ಒತ್ತಡಕ್ಕೆ ಅಂಕೆಯೇ ಇಲ್ಲದಂತಾಗುತ್ತದೆ. ಆಗ ಒಳಬರುವ ಗಾಳಿಗೆ ತಕ್ಕ ಪೆಟ್ರೋಲ್ ಒದಗದೆ ನಾಕಿಂಗ್ ಆರಂಭವಾಗಿ ಪಿಸ್ಟನ್ ಒಡೆಯಬಹುದು. ಆರ್32ರ ಮೂಲ ಟರ್ಬೊಗಳಿಗಿದ್ದುದು ಸೆರಾಮಿಕ್ ಚಕ್ರ. ಹಗುರವಾದ್ದರಿಂದ ಅದು ಬೇಗ ವೇಗ ಪಡೆಯುತ್ತದೆ. ಆದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡವನ್ನು ಮೀರಿಸಿದರೆ ಅದು ಪುಡಿಯಾಗುವ ಭಯವಿದೆಯೆಂದು ಕೆಲಸ ಬಲ್ಲವರು ಎಚ್ಚರಿಸುತ್ತಾರೆ.

ಉದ್ದಿಮೆದಾರರು ಗಮನಿಸಬೇಕಾದುದು ಇಲ್ಲಿದೆ. ಕೆಟ್ಟದ್ದು ಒಂದು ತುಂಡು ಕೊಳವೆ, ಹೋದದ್ದು ಇಡೀ ಎಂಜಿನ್, ದೂರು ಮಾತ್ರ ಕಂಟ್ರೋಲರ್ ತಯಾರಕನ ಮೇಲೆ. ಬಳಸಿದ ಜಪಾನಿ ಕಾರುಗಳು ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್ನುಗಳಿಗೆ ಸಾಗಿದಾಗ ಅವುಗಳೊಂದಿಗೆ ಕಂಟ್ರೋಲರುಗಳೂ ಸಾಗಿದವು, ಜಪಾನಿ ಭಾಷೆಯ ಸೂಚನಾ ಪತ್ರಗಳ ಸಮೇತ. ಅದನ್ನು ಓದಲಾಗದ ಮೆಕ್ಯಾನಿಕ್ ಚಿತ್ರ ನೋಡಿ ಅಂದಾಜಿನಿಂದ ಕೆಲಸ ಮುಗಿಸಬೇಕಾಗಿತ್ತು. ಕವಾಟದ ಬಾಯಿಗಳ ಮೇಲೆಯೇ ಸ್ಪಷ್ಟ ಅಂಕಿ ಕೆತ್ತುವುದು, ಟಿ ಕೂಡಿಕೆ ಹಾಗೂ ಕ್ಲ್ಯಾಂಪುಗಳನ್ನು ಪೆಟ್ಟಿಗೆಯಲ್ಲಿಯೇ ಇಡುವುದು ತಯಾರಕನಿಗೆ ತಗಲುವ ಅತ್ಯಲ್ಪ ವೆಚ್ಚ. ಅದರಿಂದ ಉಳಿಯುವುದು ಅವನ ಹೆಸರು.

ಈ ಸರಕಿನ ಕಾಲ ಮುಗಿದಿಲ್ಲ. 25 ವರ್ಷ ತುಂಬಿದ ವಾಹನಗಳಿಗೆ ಅಮೆರಿಕದ ಆಮದು ನಿಯಮದಲ್ಲಿರುವ ವಿನಾಯಿತಿಯಿಂದಾಗಿ 2014ರಿಂದ ಆರ್32 ಕಾರುಗಳು ಅಲ್ಲಿಗೆ ಹೋಗತೊಡಗಿದವು. 2017ರಲ್ಲಿ ನಿಸ್ಸಾನ್ ತಾನೇ ಮುಂದಾಗಿ ಆರ್32ರ ಬಿಡಿಭಾಗಗಳನ್ನು ಪುನಃ ತಯಾರಿಸಿ ಮಾರಲಾರಂಭಿಸಿತು. ಮೂರು ದಶಕಗಳ ಶಾಖದಲ್ಲಿ ಗಡುಸಾದ ರಬ್ಬರ್ ಕೊಳವೆಗಳನ್ನು ಮೊದಲು ಬದಲಿಸದೆ ಇಂತಹ ಕಾರಿಗೆ ಹೊಸ ಕಂಟ್ರೋಲರ್ ಜೋಡಿಸಲು ನುರಿತ ಮೆಕ್ಯಾನಿಕ್ ಒಪ್ಪುವುದಿಲ್ಲ. ಜೋಡಿಸಿದ ನಂತರವೂ ಅವನು ಮೊದಲ ಓಟವನ್ನು ಕಂಟ್ರೋಲರ್ ಬಂದ್ ಮಾಡಿಯೇ ನಡೆಸಿ, ಬೂಸ್ಟ್ ಸ್ಪ್ರಿಂಗಿನ ಮಟ್ಟದಲ್ಲಿ ನಿಲ್ಲುವುದನ್ನು ಕಂಡ ಮೇಲಷ್ಟೇ ಅಂಕವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾನೆ.